ಕಣಜ ಗೂಡು ಕಟ್ಟಿದೆಯಾ? ಮೊದಲು ಬೆಂಕಿಪೊಟ್ಟಣ ಒಳಗಿಡಿ

ರಜೆ ಮುಗಿಸಿ ಊರಿಂದ ಬಂದು ಸ್ಕೂಟರ್ ಕವರ್ ಎಳೆದರೆ ಹ್ಯಾಂಡಲ್ ಕೆಳಗೆ ಬೂದು ಬಣ್ಣದ ಪುಟ್ಟ ಗೂಡು, ಅದರ ಮೇಲೆ ನಾಲ್ಕೈದು ಕಣಜ. ಇಲ್ಲವೇ ಸಜ್ಜದ ಕೆಳಗೆ, ಗೇಟಿನ ಪೈಪಿನೊಳಗೆ, ನೀರಿನ ಟ್ಯಾಂಕಿನ ಮುಚ್ಚಳದ ಅಡಿಯಲ್ಲಿ. ಕಂಡ ಕೂಡಲೇ ಬಹಳ ಜನ ಪೊರಕೆ ಎತ್ತುತ್ತಾರೆ. ಕೆಲವರು ಕೋಲಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುತ್ತಾರೆ. ದಯವಿಟ್ಟು ಎರಡೂ ಬೇಡ. ಪೊರಕೆ ಏಟಿಗೆ ಚದುರಿದ ಹುಳ ಎದುರಿಗೆ ಸಿಕ್ಕವರನ್ನು ಕಚ್ಚುತ್ತದೆ. ವಾಹನದ ಹತ್ತಿರ ಬೆಂಕಿಯಂತೂ ಕೂಡದು, ಹತ್ತಿಕೊಳ್ಳಲು ಪೆಟ್ರೋಲ್ ಆವಿಯೇ ಸಾಕು.

ಕೈ ಹಾಕುವ ಮೊದಲು ಗೂಡು ಯಾರದ್ದು ಎಂದು ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮಣ್ಣಿನ ಗೂಡಾದರೆ ಹೆದರಬೇಡಿ

ಗೋಡೆಯ ಮೂಲೆ, ಫೋಟೋ ಹಿಂದೆ, ಕಿಟಕಿ ಚೌಕಟ್ಟಿನಲ್ಲಿ ಒಂದು ಹಿಡಿ ಮಣ್ಣು ಮೆತ್ತಿದಂತೆ ಕಾಣುತ್ತದೆಯಲ್ಲ, ಅದು ಕುಂಬಾರ ಹುಳದ ಮನೆ. ಇಲ್ಲಿ ಸೈನ್ಯ ಇಲ್ಲ, ರಾಣಿ ಇಲ್ಲ. ಒಂದೇ ಒಂದು ಹೆಣ್ಣು ಹುಳ ಒದ್ದೆ ಮಣ್ಣಿನ ಉಂಡೆ ತಂದು ತಂದು ಕಟ್ಟುತ್ತದೆ. ಹಳೇ ಗೂಡೊಂದನ್ನು ಒಡೆದು ನೋಡಿ. ಕೋಣೆಯೊಳಗೆ ಕಾಲು ಮಡಚಿದ ಜೇಡಗಳನ್ನು ಒತ್ತೊತ್ತಾಗಿ ತುಂಬಿಟ್ಟಿರುತ್ತದೆ. ಇನ್ನು ಕೆಲವು ಜಾತಿಗಳಲ್ಲಿ ಜೇಡದ ಬದಲು ಹಸಿರು ಕಂಬಳಿಹುಳ. ಅವು ಸತ್ತಿರುವುದಿಲ್ಲ, ಚುಚ್ಚಿಸಿಕೊಂಡು ಜಡವಾಗಿರುತ್ತವೆ. ಮೊಟ್ಟೆಯಿಂದ ಬರುವ ಮರಿಗೆ ಕೆಡದ ಊಟ ಅದು.

ಈ ಹುಳ ಗೂಡು ಕಾಯಲು ಯಾರ ಮೇಲೂ ಬೀಳುವುದಿಲ್ಲ. ಕೈಯಲ್ಲಿ ಹಿಡಿದು ಹಿಸುಕಿದರೆ ಮಾತ್ರ ಕಚ್ಚಬಹುದು. ಹಾಗಾಗಿ ಗೋಡೆಯ ಮೇಲಿದ್ದರೆ ಬಿಟ್ಟುಬಿಡಿ. ಮಣ್ಣಿನಲ್ಲಿ ದುಂಡನೆಯ ತೂತು ಕಂಡರೆ ಮರಿ ಹಾರಿಹೋಗಿದೆ ಎಂದರ್ಥ. ಆಮೇಲೆ ಕೆರೆದು ಒರೆಸಿದರಾಯಿತು.

ಕಾಗದದ ಗೂಡು

ಸಣ್ಣ ಕಪ್ಪು ತೊಟ್ಟಿನಿಂದ ನೇತಾಡುವ, ಕೆಳಗೆ ತೆರೆದ ಆರು ಮೂಲೆಯ ಕೋಣೆಗಳ ಗೂಡು ಇದು. ಒಣ ಮರದ ನಾರನ್ನು ಕಚ್ಚಿ ಕೆರೆದು, ಎಂಜಲಲ್ಲಿ ಕಲಸಿ ಮಾಡಿದ ಅಸಲಿ ಕಾಗದ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಕಂದುಗೆಂಪು ಮೈ, ಹಳದಿ ಗೆರೆಯ ರೋಪಾಲಿಡಿಯಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಟ್ಟಲೆ ಅಧ್ಯಯನ ಮಾಡಿರುವುದು ಇದೇ ಹುಳವನ್ನು.

ಇಲ್ಲೊಂದು ಮಾತು ಹೇಳಲೇಬೇಕು. 'ಚಳಿಗಾಲ ಬರಲಿ, ಗೂಡು ತಾನೇ ಖಾಲಿಯಾಗುತ್ತದೆ' ಎಂದು ವಿದೇಶಿ ವಿಡಿಯೊಗಳಲ್ಲಿ ಹೇಳುತ್ತಾರೆ. ಅದು ಹಿಮ ಬೀಳುವ ದೇಶದ ಲೆಕ್ಕ. ನಮ್ಮಲ್ಲಿ ಈ ಗೂಡುಗಳು ವರ್ಷವಿಡೀ ಇರುತ್ತವೆ. ತೆಗೆಯಲೇಬೇಕಾದ ಜಾಗದಲ್ಲಿದ್ದರೆ ಚಿಕ್ಕದಿರುವಾಗಲೇ ತೆಗೆಯಿರಿ. ತೋಟದ ಮೂಲೆಯಲ್ಲೋ ಎತ್ತರದ ಸಜ್ಜದಲ್ಲೋ ಇದ್ದರೆ ಇರಲಿ ಬಿಡಿ. ಅವು ಮರಿಗಳಿಗಾಗಿ ಕಂಬಳಿಹುಳ ಹಿಡಿಯುತ್ತವೆ, ನಿಮ್ಮ ಗಿಡಗಳಿಗೆ ಅದರಿಂದ ಲಾಭವೇ.

ಮುಟ್ಟಲೇಬಾರದ ಗೂಡು

ಮರದಲ್ಲೋ ಸೂರಿನಲ್ಲೋ ಫುಟ್‌ಬಾಲ್ ಗಾತ್ರದ, ಸುತ್ತಲೂ ಕಾಗದ ಮುಚ್ಚಿದ, ಒಂದೇ ಬಾಯಿಯ ಗೂಡಿದ್ದರೆ ದೂರ ನಿಲ್ಲಿ. ಕಪ್ಪು ಮೈ, ಹೊಟ್ಟೆಗೆ ಅಗಲವಾದ ಹಳದಿ ಅಥವಾ ಕಿತ್ತಳೆ ಪಟ್ಟಿಯ ದೊಡ್ಡ ಕಣಜ ಅದು. ಗುಂಪಾಗಿ ಬಂದರೆ ಜೀವಕ್ಕೇ ಸಂಚಕಾರ. ಇದನ್ನು ತೆಗೆಯುವುದು ಅನುಭವ ಮತ್ತು ರಕ್ಷಣಾ ಉಡುಪು ಇರುವವರ ಕೆಲಸ. ಕೀಟ ನಿಯಂತ್ರಣದವರನ್ನು ಕರೆಸಿ. ಹುಳ ಎದ್ದು ಜನರ ಮೇಲೆ ಬಿದ್ದಿದ್ದರೆ 112ಕ್ಕೆ ಫೋನ್ ಮಾಡಿ. ಅಡಿಕೆ, ತೆಂಗಿನ ಮರ ಹತ್ತುವವರಿಗೆ ಗೂಡಿನ ವಿಷಯ ಮೊದಲೇ ಹೇಳಿ. ಮರದ ತುದಿಯಲ್ಲಿ ಇದ್ದಾಗ ಓಡಲು ದಾರಿ ಇರುವುದಿಲ್ಲ, ಅಲ್ವಾ?

ಕಾಗದದ ಗೂಡು ತೆಗೆಯುವುದು ಹೀಗೆ

ಗೂಡು ಅಂಗೈಗಿಂತ ಚಿಕ್ಕದಿರಬೇಕು, ಏಣಿ ಇಲ್ಲದೆ ಕೈಗೆಟುಕಬೇಕು. ಹಿಂದೆ ಕಣಜವೋ ಜೇನೋ ಕಚ್ಚಿ ಮೈಯೆಲ್ಲ ಊದಿದವರು ಈ ಕೆಲಸಕ್ಕೆ ಇಳಿಯಲೇಬಾರದು.

1. ಹಗಲಲ್ಲಿ ಹತ್ತು ಅಡಿ ದೂರದಿಂದ ಗೂಡು ನೋಡಿಕೊಳ್ಳಿ. ಹಿಂದೆ ಸರಿಯುವ ದಾರಿಯಲ್ಲಿ ಬಕೆಟ್, ಹೂಕುಂಡ ಇದ್ದರೆ ಎತ್ತಿಡಿ.

2. ಒಂದು ಲೀಟರ್ ನೀರಿಗೆ ಎರಡು ಮೂರು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ದೂರಕ್ಕೆ ಧಾರೆ ಹೊಡೆಯುವ ಸ್ಪ್ರೇ ಬಾಟಲಿಗೆ ತುಂಬಿ. ಕಣಜ ಉಸಿರಾಡುವುದು ಮೈ ಪಕ್ಕದ ಸಣ್ಣ ರಂಧ್ರಗಳಿಂದ. ಬರೀ ನೀರು ಅದರ ಮೈಮೇಲಿಂದ ಜಾರಿಹೋಗುತ್ತದೆ. ಸೋಪಿನ ನೀರು ರಂಧ್ರದೊಳಕ್ಕೆ ಇಳಿಯುತ್ತದೆ. ವಿಷ ಬೇಕಿಲ್ಲ.

3. ಕತ್ತಲಾಗಿ ಒಂದು ಗಂಟೆ ಕಳೆಯಲಿ. ಹೊರಗೆ ಹೋದ ಹುಳಗಳೆಲ್ಲ ಗೂಡಿಗೆ ಬಂದಿರುತ್ತವೆ, ಹಾರುವುದೂ ಕಡಿಮೆ. ಮಕ್ಕಳು, ನಾಯಿ ಒಳಗಿರಲಿ. ಪಕ್ಕದ ಮನೆಯವರಿಗೂ ಹೇಳಿ.

4. ರೇನ್‌ಕೋಟ್, ಶೂ, ದಪ್ಪ ಕೈಗವಸು ಹಾಕಿಕೊಳ್ಳಿ. ಹೆಲ್ಮೆಟ್ ಗಾಜು ಇಳಿಸಿ, ಕುತ್ತಿಗೆಗೆ ಟವೆಲ್ ಸುತ್ತಿ.

5. ಟಾರ್ಚ್ ಕೈಯಲ್ಲಿ ಹಿಡಿಯಬೇಡಿ. ಎದ್ದ ಹುಳ ಬೆಳಕಿನ ಕಡೆಗೇ ಬರುತ್ತದೆ. ಕೆಂಪು ಜಿಲೇಟಿನ್ ಕಾಗದ ಸುತ್ತಿ ಪಕ್ಕದಲ್ಲಿ ಎಲ್ಲಾದರೂ ಇಡಿ. ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣುವುದಿಲ್ಲ.

6. ಗೂಡಿನ ನೇರ ಕೆಳಗೆ ನಿಲ್ಲದೆ ಪಕ್ಕದಿಂದ ಧಾರೆ ಬಿಡಿ. ನೀರು ತೊಟ್ಟಿಕ್ಕುವ ತನಕ ನೆನೆಸಿ. ಹುಳ ಬಿದ್ದು ಅಲುಗಾಟ ನಿಂತ ಮೇಲೆ ಉದ್ದನೆ ಕೋಲಿನಿಂದ ತೊಟ್ಟು ಕತ್ತರಿಸಿ, ಗೂಡನ್ನು ಕವರಿನಲ್ಲಿ ಕಟ್ಟಿ.

7. ತೊಟ್ಟಿದ್ದ ಜಾಗ ಚೆನ್ನಾಗಿ ತಿಕ್ಕಿ ತೊಳೆಯಿರಿ. ತಪ್ಪಿಸಿಕೊಂಡ ಒಂದೆರಡು ಹುಳ ಕೆಲವು ದಿನ ಅಲ್ಲೇ ಸುತ್ತುತ್ತವೆ. ಮತ್ತೆ ತೊಟ್ಟು ಶುರು ಮಾಡಿದರೆ ಅಂದೇ ಒರೆಸಿ.

ಹುಳವನ್ನು ಗೂಡಿನ ಹತ್ತಿರ ಚಚ್ಚಿ ಕೊಲ್ಲಬೇಡಿ. ಎಷ್ಟೋ ಜಾತಿಗಳಲ್ಲಿ ಜಜ್ಜಿದ ಹುಳದಿಂದ ಹೊರಡುವ ವಾಸನೆಯೇ ಉಳಿದವಕ್ಕೆ ಎಚ್ಚರಿಕೆ. ಗೋಡೆಯ ಬಿರುಕಿನಲ್ಲಿ ಗೂಡಿದ್ದರೆ ಹುಳ ಒಳಗಿರುವಾಗ ಸಿಮೆಂಟ್ ಮೆತ್ತಬೇಡಿ, ಇನ್ನೊಂದು ಸಂದಿಯಿಂದ ನಿಮ್ಮ ರೂಮಿಗೇ ಬಂದೀತು. ಮೀಟರ್ ಬೋರ್ಡ್, ಎಸಿ ಹೊರಗಿನ ಯೂನಿಟ್‌ಗೆ ನೀರು ಹೊಡೆಯುವುದು ಬೇಡವೇ ಬೇಡ. ಅಲ್ಲಿಗೆ ಕೆಲಸ ಗೊತ್ತಿದ್ದವರನ್ನೇ ಕರೆಯಿರಿ. ಅಂಗಡಿಯ ಕೀಟನಾಶಕ ಸ್ಪ್ರೇ ಬೆಂಕಿ ಹತ್ತಿಕೊಳ್ಳುವಂಥದ್ದು. ಒಲೆ, ದೀಪ, ಬಿಸಿ ಸೈಲೆನ್ಸರ್ ಹತ್ತಿರ ಬಳಸಬೇಡಿ.

ವಾಹನದಲ್ಲಿ ಎಲ್ಲೆಲ್ಲಿ ನೋಡಬೇಕು

ವಾರಗಟ್ಟಲೆ ನಿಂತ ಗಾಡಿ ಹತ್ತುವ ಮೊದಲು ಸುತ್ತ ಒಂದು ರೌಂಡ್ ಬನ್ನಿ. ಸೈಡ್ ಮಿರರ್ ಹಿಂದಿನ ಪೊಳ್ಳು, ನಂಬರ್ ಪ್ಲೇಟಿನ ಹಿಂದೆ, ಬಾಗಿಲ ಸಂದಿ, ಸೀಟಿನ ಅಡಿ, ಟ್ರ್ಯಾಕ್ಟರ್ ಮಡ್‌ಗಾರ್ಡ್ ಒಳಗೆ. ಉದ್ದನೆ ಕೋಲಿನಿಂದ ಮೆಲ್ಲಗೆ ತಟ್ಟಿ, ದೂರ ನಿಂತು ನೋಡಿ. ಪೆಟ್ರೋಲ್ ಮುಚ್ಚಳವನ್ನು ಮನೆಯಲ್ಲೇ ತೆರೆದು ನೋಡುವುದು ಒಳ್ಳೆಯದು. ಬಂಕಿನಲ್ಲಿ ಅದನ್ನು ತೆರೆಯುವುದು ಅಲ್ಲಿನ ಹುಡುಗ, ಪಾಪ, ಕಚ್ಚಿಸಿಕೊಳ್ಳುವುದೂ ಅವನೇ. ಪೋರ್ಟಿಕೊದಲ್ಲಿ ನೇತುಹಾಕಿದ ಹೆಲ್ಮೆಟ್‌ ಅನ್ನು ಒಳಗೆ ನೋಡದೆ ತಲೆಗೆ ಏರಿಸಬೇಡಿ.

ಗೂಡು ಸಮೇತ ಗಾಡಿ ಓಡಿಸಿಕೊಂಡು ಹೋದರೆ ಪರಿಹಾರ ಆಗುವುದಿಲ್ಲ. ಬೇಟೆಗೆ ಹೋದ ಹುಳ ಪಾರ್ಕಿಂಗ್ ಜಾಗಕ್ಕೇ ವಾಪಸ್ ಬಂದು ಹುಡುಕಾಡುತ್ತದೆ.

ಮಣ್ಣಿನ ಗೂಡು ನಿರುಪದ್ರವಿ ಎಂದೆನಲ್ಲ, ಅದಕ್ಕೊಂದು ವಿನಾಯಿತಿ ಇದೆ: ಸಣ್ಣ ಕೊಳವೆಗಳು. ಕೀಲಿ ತೂತು, ಎಸಿ ನೀರು ಹೋಗುವ ಪೈಪು, ನಿಂತ ಬೈಕಿನ ಸೈಲೆನ್ಸರ್ ಬಾಯಿಗೆ ಮಣ್ಣು ತುಂಬಬಹುದು. 1996ರ ಫೆಬ್ರುವರಿಯಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ ಬಿರ್ಗನ್‌ಏರ್ ಕಂಪನಿಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಜನ ತೀರಿಕೊಂಡರು. ವೇಗ ಅಳೆಯುವ ಕೊಳವೆ ಕಟ್ಟಿಕೊಂಡಿತ್ತು. ಹಲವು ದಿನ ಮುಚ್ಚಳವಿಲ್ಲದೆ ನಿಂತಿದ್ದ ವಿಮಾನದಲ್ಲಿ ಮಣ್ಣಿನ ಕಣಜ ಗೂಡು ಕಟ್ಟಿರಬೇಕು ಎಂಬುದೇ ಬಲವಾದ ಅನುಮಾನ. ನಿಮ್ಮ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಸೈಲೆನ್ಸರ್ ಬಾಯಿಗೆ ಬಟ್ಟೆ ಕಟ್ಟಿ. ಸ್ಟಾರ್ಟ್ ಮಾಡುವ ಮೊದಲು ಬಿಚ್ಚಲು ನೆನಪಾಗುವಂತೆ ಸ್ಟೇರಿಂಗ್‌ಗೆ ಒಂದು ಚೀಟಿ ಅಂಟಿಸಿ.

ಓಡುತ್ತಿರುವ ಕಾರಿನೊಳಗೆ ಕಣಜ ಕಂಡರೆ ಕೈ ಬೀಸಬೇಡಿ. ಇಂಡಿಕೇಟರ್ ಹಾಕಿ, ಎಡಕ್ಕೆ ನಿಲ್ಲಿಸಿ, ಬಾಗಿಲು ತೆರೆದು ಇಳಿಯಿರಿ. ಅದಕ್ಕೂ ಹೊರಗೆ ಹೋಗುವುದೇ ಬೇಕಿರುತ್ತದೆ.

ಕಚ್ಚಿದರೆ

ಮೊದಲು ಅಲ್ಲಿಂದ ದೂರ ಹೋಗಿ. ಜೇನಿನ ಹಾಗೆ ಕಣಜ ಮುಳ್ಳು ಬಿಟ್ಟುಹೋಗುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು. ಕೈಗೆ ಕಚ್ಚಿದ್ದರೆ ಊತ ಏರುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಸೋಪು ಹಾಕಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಸುಣ್ಣ ಹಚ್ಚಬೇಡಿ, ಚರ್ಮ ಸುಡುತ್ತದೆ.

ತುಟಿ, ಗಂಟಲು ಊದುವುದು, ಉಸಿರು ಕಟ್ಟುವುದು, ಮೈಯೆಲ್ಲ ದದ್ದು, ತಲೆ ಸುತ್ತು, ವಾಂತಿ, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಸಮಯ ಇಲ್ಲ. 108ಕ್ಕೆ ಕರೆ ಮಾಡಿ. ಆಗ ಜೀವ ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್, ಅದು ನಿಮಿಷಗಳಲ್ಲಿ ಸಿಗಬೇಕು. ಬಾಯಿ, ಗಂಟಲಿನೊಳಗೆ ಕಚ್ಚಿದ್ದರೂ ಹಾಗೆಯೇ ಆಸ್ಪತ್ರೆಗೆ ಓಡಿ.

ದೊಡ್ಡ ಕಣಜ ಹತ್ತಾರು ಕಡೆ ಕಚ್ಚಿದ್ದರೆ, ಈಗ ಆರಾಮಿದ್ದೇನೆ ಅನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಆ ವಿಷ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದು ಕೆಲವೊಮ್ಮೆ ಒಂದೆರಡು ದಿನ ಕಳೆದ ಮೇಲೆ ಗೊತ್ತಾಗುತ್ತದೆ. ಮೂತ್ರ ಕಡಿಮೆಯಾದರೆ, ಅಥವಾ ಕೆಂಪಗೆ, ಕಾಫಿ ಬಣ್ಣಕ್ಕೆ ತಿರುಗಿದರೆ ಬೆಳಗಾಗಲಿ ಎಂದು ಕಾಯಬೇಡಿ. ಹೋದ ಕೂಡಲೇ ಎಷ್ಟು ಹೊತ್ತಿಗೆ, ಸುಮಾರು ಎಷ್ಟು ಕಡೆ ಕಚ್ಚಿತು ಎಂದು ಡಾಕ್ಟರಿಗೆ ಹೇಳಿ.