ಮೀಡ್ ಆಸೆ ಇದ್ದವರು ಮೊದಲು ಜೇನು-ಶುಂಠಿ ಸೋಡಾ ಮಾಡಿ

ಮನೆಯಲ್ಲೇ ಮೀಡ್ ಮಾಡುತ್ತೇನೆ ಅಂತ ಹೊರಟ ಅಕ್ಕನ ಮಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೀಡ್ ಅಂದರೆ ಜೇನುತುಪ್ಪಕ್ಕೆ ನೀರು ಬೆರೆಸಿ, ಯೀಸ್ಟ್ ಹಾಕಿ ಹುದುಗಿಸಿದ ಮದ್ಯ. ಒಂದು ಕೆಜಿ ಜೇನಿಗೆ ಮೂರು ಲೀಟರ್ ನೀರು ಹಾಕಿ, ಸಿಹಿಯೆಲ್ಲ ಮುಗಿಯುವ ತನಕ ಬಿಟ್ಟರೆ ಆಲ್ಕೋಹಾಲ್ 12%ರ ಆಸುಪಾಸಿಗೆ ಬರುತ್ತದೆ. ಅಂದರೆ ವೈನ್‌ನಷ್ಟು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. "ನಾನೇನು ಮಾರ್ತೀನಾ ಚಿಕ್ಕಮ್ಮ?" ಅಂದ. ಮಾರುವುದಕ್ಕೆ ಮಾತ್ರ ಅಲ್ಲಪ್ಪ, ತಯಾರಿಸುವುದಕ್ಕೂ ಲೈಸೆನ್ಸ್ ಬೇಕು.

ರುಚಿ ನೋಡುವ ಆಸೆಯಾದರೆ ಪುಣೆ, ನಾಸಿಕ್ ಕಡೆ ಲೈಸೆನ್ಸ್ ಪಡೆದು ಮೀಡ್ ಮಾಡುವವರಿದ್ದಾರೆ. ಕೈ ಪಳಗಬೇಕು ಅನ್ನುವುದಾದರೆ ಜೇನು-ಶುಂಠಿ ಸೋಡಾ ಮಾಡಿ. ಜೇನು, ನೀರು, ಯೀಸ್ಟ್, ಗ್ಯಾಸ್ ಎಲ್ಲ ಇದರಲ್ಲೂ ಇದೆ. ತಿಂಗಳುಗಟ್ಟಲೆ ಕಾಯುವ ಕೆಲಸವೂ ಇಲ್ಲ.

ಜೇನಿನ ವಿಷಯ ಸ್ವಲ್ಪ ಉದ್ದ. ಕೊಡಗಿನ ಕಡೆಯಿಂದ ಬಂದ ಹೆಜ್ಜೇನಿನ ಬಾಟಲಿ ಮುಚ್ಚಳ ತಿರುಗಿಸಿದರೆ ಒಮ್ಮೊಮ್ಮೆ ಟುಸ್ ಅನ್ನುತ್ತದೆ, ಮೇಲೆ ಬಿಳಿ ನೊರೆ ಕಟ್ಟಿರುತ್ತದೆ. ಕೆಟ್ಟುಹೋಯಿತು ಅಂತ ಅಂಗಡಿಗೆ ವಾಪಸ್ ಕೊಡುವವರನ್ನು ಗಾಂಧಿಬಜಾರಿನಲ್ಲಿ ನೋಡಿದ್ದೇನೆ. ಜೇನಿನಲ್ಲಿ ನೀರಿನಂಶ 17–18%ರ ಒಳಗಿದ್ದರೆ ಯೀಸ್ಟ್ ಬೆಳೆಯುವುದಿಲ್ಲ. 20% ದಾಟಿತೋ, ತಾನಾಗೇ ಹುದುಗಲು ಶುರು. ಹೆಜ್ಜೇನಿನಲ್ಲಿ ನೀರು ಸಾಮಾನ್ಯವಾಗಿ ಜಾಸ್ತಿ. ಸೋಡಾಕ್ಕೆ ಅದೇ ಒಳ್ಳೆಯದು, ಶುಂಠಿಯ ಖಾರದ ಮುಂದೆಯೂ ಅದರ ರುಚಿ ಗೊತ್ತಾಗುತ್ತದೆ. ದುಬಾರಿ ತುಡುವೆ ಜೇನನ್ನು ಸುಮ್ನೆ ಇದಕ್ಕೆ ಸುರಿಯಬೇಡಿ, ಚಪಾತಿಗೆ ಇರಲಿ. ಇನ್ನು, ನೀರಿಗೆ ಹನಿ ಬಿಟ್ಟು, ಬತ್ತಿಗೆ ಹಚ್ಚಿ ಕಲಬೆರಕೆ ಕಂಡುಹಿಡಿಯುತ್ತೇನೆ ಅನ್ನುವುದನ್ನು ಬಿಡಿ. ಮಾಮೂಲಿ ಲ್ಯಾಬ್ ಪರೀಕ್ಷೆಗೇ ಸಿಗದಂಥ ಸಕ್ಕರೆ ಪಾಕ ಬೆರೆಸುತ್ತಾರೆ ಅಂತ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2020ರಲ್ಲೇ ಹೇಳಿತ್ತು. ಬತ್ತಿಗೆ ಏನು ಗೊತ್ತಾಗುತ್ತದೆ? ಹರಳುಗಟ್ಟಿದ ಜೇನಿಗೆ ಹೆದರಬೇಡಿ, ಅದು ಜೇನಿನ ಗುಣ.

ಯೀಸ್ಟ್ ಕೊಳ್ಳುವುದು ಬೇಡ. ಶುಂಠಿಯ ಸಿಪ್ಪೆಯಲ್ಲೇ ಇದೆ. ಹಾಗಾಗಿ ಶುಂಠಿ ತೊಳೆಯಿರಿ, ಸಿಪ್ಪೆ ಹೆರೆಯಬೇಡಿ. ಮೊದಲು ಆ ಯೀಸ್ಟ್ ಬೆಳೆಸಿಕೊಳ್ಳಬೇಕು: ಅರ್ಧ ಲೀಟರ್ ನೀರನ್ನು ಗಾಜಿನ ಭರಣಿಗೆ ಹಾಕಿ, ಒಂದು ದೊಡ್ಡ ಚಮಚ ತುರಿದ ಶುಂಠಿ, ಅಷ್ಟೇ ಸಕ್ಕರೆ ಸೇರಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ದಿನಾ ಅಷ್ಟಷ್ಟೇ ಹಾಕಿ ಕಲಕುತ್ತಿರಿ. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಕುದಿಸಿ ಆರಿಸಿಕೊಳ್ಳಿ. ನಿಮ್ಮ ಏರಿಯಾದ ಬೋರ್‌ವೆಲ್ ನೀರು ಉಪ್ಪುಪ್ಪಾಗಿದ್ದರೆ ಸೋಡಾದಲ್ಲೂ ಅದೇ ರುಚಿ ಬರುತ್ತದೆ, ಫಿಲ್ಟರ್ ನೀರೇ ವಾಸಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ಮೂರು-ನಾಲ್ಕು ದಿನಕ್ಕೇ ಗುಳ್ಳೆ ಏಳುತ್ತದೆ, ಡಿಸೆಂಬರ್‌ನಲ್ಲಿ ವಾರ ಹಿಡಿಯಬಹುದು. ಚಳಿಗೆ ದೋಸೆ ಹಿಟ್ಟು ಹೇಗೆ ಸತಾಯಿಸುತ್ತದೋ, ಇದೂ ಹಾಗೇ. ಚಮಚ ಆಡಿಸಿದಾಗ ಸೊರ್ ಅಂತ ಸದ್ದು ಬಂದು ಶುಂಠಿ ಚೂರುಗಳೆಲ್ಲ ಮೇಲೆದ್ದರೆ ರೆಡಿ. ಹಸಿರು, ಕಪ್ಪು ಬೂಸ್ಟು ಬಂದರೆ ಪೂರ್ತಿ ಚೆಲ್ಲಿ. ಮೇಲಿನದನ್ನಷ್ಟೇ ತೆಗೆದು ಉಳಿಸಿಕೊಳ್ಳುವ ಜಿಪುಣತನ ಬೇಡ.

ಈಗ ಸೋಡಾ. ಎರಡು ಲೀಟರ್ ನೀರಿಗೆ 50 ಗ್ರಾಂ ಜಜ್ಜಿದ ಶುಂಠಿ ಹಾಕಿ ಹತ್ತು ನಿಮಿಷ ಕುದಿಸಿ, ಸೋಸಿ. ಬೆರಳಿಟ್ಟರೆ ಬಿಸಿ ಅನ್ನಿಸದ ಹಾಗೆ ಆರಿದ ಮೇಲೆ 150 ಗ್ರಾಂ ಜೇನು, ಎರಡು ನಿಂಬೆಹಣ್ಣಿನ ರಸ, ಭರಣಿಯಿಂದ ಸೋಸಿದ ಅರ್ಧ ಲೋಟ ನೀರು ಸೇರಿಸಿ. ಬಿಸಿ ಇದ್ದಾಗಲೇ ಹಾಕಿದರೆ ಜೇನಿನ ಘಮ ಹೋಗುತ್ತದೆ, ಯೀಸ್ಟೂ ಸಾಯುತ್ತದೆ. ರುಚಿ ನೋಡಿ. ಈಗ ಸ್ವಲ್ಪ ಜಾಸ್ತಿ ಸಿಹಿ ಅನ್ನಿಸಬೇಕು, ಅದರಲ್ಲಿ ಯೀಸ್ಟಿನ ಪಾಲೂ ಇದೆ.

ಬಾಟಲಿ ವಿಷಯದಲ್ಲಿ ನಾನು ಕಟ್ಟುನಿಟ್ಟು. ಗಾಜು ಬೇಡವೇ ಬೇಡ. ಒಳಗೆ ಗ್ಯಾಸ್ ಕಟ್ಟಿ ಗಾಜು ಒಡೆದರೆ ಚೂರು ಅಡುಗೆಮನೆಯೆಲ್ಲ ಹಾರುತ್ತದೆ. ಕೂಲ್‌ಡ್ರಿಂಕ್ಸ್ ಬರುವ ಪ್ಲಾಸ್ಟಿಕ್ ಬಾಟಲಿಗಳನ್ನು ತೊಳೆದು, ಮೇಲೆ ಎರಡು ಇಂಚು ಖಾಲಿ ಬಿಟ್ಟು ತುಂಬಿಸಿ. ಬಾಟಲಿಗಳನ್ನು ಪಾತ್ರೆ ತೊಳೆಯುವ ಸಿಂಕಿನ ಪಕ್ಕ ಇಡಿ, ಮೇಲಿನ ಸಜ್ಜೆಯಲ್ಲಿಟ್ಟು ಮರೆಯಬೇಡಿ. ಬೆಳಿಗ್ಗೆ, ಸಂಜೆ ಒತ್ತಿ ನೋಡಿ. ಬೆರಳಿಗೆ ಬಗ್ಗದಷ್ಟು ಗಟ್ಟಿಯಾದ ತಕ್ಷಣ ಫ್ರಿಜ್ಜಿಗೆ. ಸೆಖೆಗಾಲದಲ್ಲಿ ಒಂದೇ ದಿನಕ್ಕೆ ಹಾಗಾಗುತ್ತದೆ. ಹೊರಗೆ ಬಿಟ್ಟಷ್ಟೂ ಸಿಹಿ ಇಳಿದು ಆಲ್ಕೋಹಾಲ್ ಏರುತ್ತದೆ. ಬೇಗ ತಣ್ಣಗಾಗಿಸಿದ್ದರಲ್ಲೂ ಅದು ಅಲ್ಪಸ್ವಲ್ಪ ಇದ್ದೇ ಇರುತ್ತದೆ, ಮನೆಯಲ್ಲಿ ಮುಟ್ಟದವರಿದ್ದರೆ ಮೊದಲೇ ಹೇಳಿಬಿಡಿ. ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಕೊಡಬಾರದು.

ವಾರದೊಳಗೆ ಕುಡಿದು ಮುಗಿಸಿ. ಮುಚ್ಚಳವನ್ನು ಸಿಂಕಿನ ಮೇಲೆ ಹಿಡಿದು, ನಿಧಾನಕ್ಕೆ ತಿರುಗಿಸಿ. ಭರಣಿಯಲ್ಲಿ ಉಳಿದದ್ದಕ್ಕೆ ತೆಗೆದಷ್ಟು ನೀರು ಸೇರಿಸಿ ಫ್ರಿಜ್ಜಿನಲ್ಲಿಡಿ. ವಾರಕ್ಕೊಮ್ಮೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಹಾಕಿದರೆ ಸಾಕು, ಮುಂದಿನ ಸಲಕ್ಕೂ ಆಗುತ್ತದೆ.