ಸೌಟಿನ ನಾದ, ಒಂದು ಹೆಸರುಕಾಳು: ತರಗತಿಯಲ್ಲಿ ಮಗುವಿನ ಅಂತರಂಗಕ್ಕೆ ಜಾಗ ಮಾಡುವುದು ಹೇಗೆ?

ಮುಂಬಯಿಯ ಕನ್ನಡ ಶಾಲೆಯ ಒಂದೇ ಬೆಂಚಿನಲ್ಲಿ ತುಳು ಮನೆಮಾತಿನ ಮಗು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗು, ಮನೆಯಲ್ಲಿ ಲಂಬಾಣಿ ಆಡುವ ಮಗು ಕೂತಿರುತ್ತವೆ. ಮನೆದೇವರು ಬೇರೆ, ಹಬ್ಬವೂ ಬೇರೆ. ಎಲ್ಲರಿಗೂ ಒಂದೇ ಶ್ಲೋಕ ಬಾಯಿಪಾಠ ಮಾಡಿಸಿದರೆ ಆಧ್ಯಾತ್ಮಿಕ ಬೆಳವಣಿಗೆ ಆಗಿಬಿಡುವುದಿಲ್ಲ. ಸುಮ್ಮನೆ ಕೂರಲು, ಬೆರಗಾಗಲು, ದೊಡ್ಡ ಪ್ರಶ್ನೆ ಕೇಳಲು ಅವಕ್ಕೆ ಹೊತ್ತು ಬೇಕು. ಕಾನೂನಿನ ಗೆರೆಯೂ ಗೊತ್ತಿರಲಿ: ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು, ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ.

ಮೌನವನ್ನು ಸದ್ದಿನಿಂದಲೇ ಶುರುಮಾಡಿ. ಪೂಜೆಯ ಗಂಟೆ ಬೇಡ. ಹಿಡಿಕೆಯ ತುದಿಯಲ್ಲಿ ತೂತಿರುವ ಸ್ಟೀಲ್ ಸೌಟನ್ನು ದಾರಕ್ಕೆ ಕಟ್ಟಿ ತೂಗುಬಿಡಿ, ಚಮಚದಿಂದ ಮೆಲ್ಲಗೆ ಒಂದೇ ಏಟು. ಸೌಟನ್ನು ಕೈಯಲ್ಲಿ ಹಿಡಿದು ಹೊಡೆದರೆ ‘ಟಕ್’ ಎಂದು ನಿಂತುಹೋಗುತ್ತದೆ, ಕಂಪನವನ್ನು ಬೆರಳೇ ನುಂಗುತ್ತದೆ. ತೂಗುತ್ತಿದ್ದರೆ ನಾದ ಎಳೆದುಕೊಂಡು ಹೋಗುತ್ತದೆ. ‘ಸದ್ದು ಪೂರ್ತಿ ಹೋಯ್ತು ಅನಿಸಿದಾಗ ಕೈ ಎತ್ತಿ ಮಕ್ಕಳೇ’ ಎನ್ನಿ. ಕೈಗಳು ಒಟ್ಟಿಗೆ ಏಳುವುದಿಲ್ಲ, ಏಳಬೇಕಾಗಿಯೂ ಇಲ್ಲ. ಕೊನೆಯ ಕೈ ಎದ್ದ ಮೇಲೆ ಒಂದು, ಎರಡನೇ ತರಗತಿಗೆ 1 ನಿಮಿಷ, ಮೂರು, ನಾಲ್ಕಕ್ಕೆ 2 ನಿಮಿಷ ಸುಮ್ಮನಿರುವುದು. ಮೊದಲ ತಿಂಗಳು ಇದಕ್ಕಿಂತ ಎಳೆಯಬೇಡಿ.

ಲೋಕಲ್ ಟ್ರೇನಿನ ಹಾರ್ನ್, ಪಕ್ಕದ ಚಾಳಿನ ಕುಕ್ಕರ್ ಸೀಟಿ ನಿಲ್ಲಲಿ ಎಂದು ಕಾಯುತ್ತ ಕೂತರೆ ಈ ಊರಿನಲ್ಲಿ ಮೌನ ಸಿಕ್ಕೀತೇ? ದೂರದ್ದೊಂದು, ಹತ್ತಿರದ್ದೊಂದು, ತನ್ನ ಮೈಯೊಳಗಿನದೊಂದು ಸದ್ದು ಹುಡುಕಲು ಹೇಳಿ. ಕಣ್ಣು ಮುಚ್ಚಲೇಬೇಕೆಂಬ ಒತ್ತಾಯ ಬೇಡ. ಹೆದರುವ ಮಕ್ಕಳು ನೆಲ ನೋಡಲಿ. ಗಲಾಟೆಗೆ ಶಿಕ್ಷೆಯಾಗಿ ಮೌನ ಕೊಟ್ಟಿರೋ, ಅಲ್ಲಿಗೆ ಮುಗಿಯಿತು. ಆಮೇಲೆ ಮಗು ಅದನ್ನು ಶಿಕ್ಷೆ ಎಂದೇ ನೆನಪಿಟ್ಟುಕೊಳ್ಳುತ್ತದೆ.

ಮುಂದಿನ ವಾರ ಹೆಸರುಕಾಳು. ಮಗುವಿಗೊಂದರಂತೆ ಎಣಿಸಿ, ಮೇಲೆ ಹತ್ತು ಹೆಚ್ಚು. ರಾತ್ರಿ 8 ಗಂಟೆ ಕಾಲ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಹತ್ತಿಬಟ್ಟೆಯ ಮೇಲೆ ಹರಡಿ. ಬೆಳಿಗ್ಗೆ, ಸಂಜೆ ತೊಳೆಯದಿದ್ದರೆ ನಮ್ಮ ಮಳೆಗಾಲದ ಸೆಕೆಗೆ ಲೋಳೆಯಾಗಿ ನಾರುತ್ತದೆ. ಮಾರನೇ ದಿನ ಸಿಪ್ಪೆ ಬಿರಿದು ಬಿಳಿ ಮೂತಿ ಹೊರಗೆ ಬಂದಿರುತ್ತದೆ. ಅಂಗೈಯಲ್ಲಿಟ್ಟು ಎರಡು ನಿಮಿಷ ಬರಿದೆ ನೋಡಲು ಬಿಡಿ, ವಿಜ್ಞಾನದ ಪಾಠ ನಾಳೆಗಿರಲಿ. ‘ಇದರಿಂದ ಏನು ಕಲಿತಿರಿ?’ ಎಂದು ಕೇಳಿದ ಕ್ಷಣಕ್ಕೆ ಮಕ್ಕಳು ಕಾಳು ಬಿಟ್ಟು ಟೀಚರ್ ಮುಖ ನೋಡತೊಡಗುತ್ತಾರೆ, ಅವರಿಗೆ ಬೇಕಾದ ಉತ್ತರ ಹುಡುಕುತ್ತಾರೆ. ಯಾರದೋ ಒಂದು ಕಾಳು ಮೊಳೆಯುವುದೇ ಇಲ್ಲ. ಹೆಚ್ಚಿನದನ್ನು ತಕ್ಷಣ ಕೊಟ್ಟು ಸಮಾಧಾನ ಮಾಡಬೇಡಿ; ‘ನಂದ್ಯಾಕೆ ಬರ್ಲಿಲ್ಲ?’ ಎಂಬ ಮಾತಿಗೆ ಒಂದು ದಿನವಾದರೂ ಜಾಗ ಸಿಗಲಿ.

ಆ ಮಾತಿನ ಹಿಂದೆಯೇ ದೊಡ್ಡವು ಬರುತ್ತವೆ: ‘ಅಜ್ಜಿ ಸತ್ತು ಎಲ್ಲಿಗೆ ಹೋದ್ರು ಟೀಚರ್?’ ‘ಮಲಗಿದ್ದಾರೆ’ ಎಂದರೆ ಕೆಲವು ಮಕ್ಕಳು ರಾತ್ರಿ ಮಲಗಲು ಹೆದರುತ್ತಾರೆ. ‘ದೇವರು ಕರ್ಕೊಂಡ’ ಎಂದರೆ ನಾಳೆ ಅಮ್ಮನನ್ನೂ ಕರೆದುಕೊಂಡಾನು ಎಂಬ ಭಯ. ಸತ್ತರು ಎಂಬ ಮಾತನ್ನೇ ಬಳಸಿ, ‘ನಿಮ್ಮನೇಲಿ ಏನು ಹೇಳ್ತಾರೆ? ನಿನಗೇನನಿಸುತ್ತೆ?’ ಎಂದು ಕೇಳಿ ಕಾಯಿರಿ. ಬರುವ ಉತ್ತರ ತುಳುವಿನಲ್ಲೋ ಮರಾಠಿಯಲ್ಲೋ ಇದ್ದರೆ ತಿದ್ದಬೇಡಿ. ಇನ್ನೊಂದು ಮಗು ‘ಸುಳ್ಳು’ ಎಂದರೆ, ‘ಅವರ ಮನೇಲಿ ಹಾಗೆ ನಂಬ್ತಾರೆ, ನಿಮ್ಮನೇಲಿ?’ ಎಂದು ಮಾತು ತಿರುಗಿಸಿ.

ಮಾತಾಡದ ಮಕ್ಕಳು ಚಿತ್ರ ಬರೆಯಲಿ. ಅದಕ್ಕೆ ಅಂಕ ಬೇಡ, ಗೋಡೆಗೆ ಅಂಟಿಸುವ ಮುನ್ನ ಮಗುವನ್ನೇ ಕೇಳಿ. ಪೋಷಕರ ಸಭೆಯಲ್ಲಿ ತೋರಿಸುವುದಂತೂ ಬೇಡವೇ ಬೇಡ.