ಹಾರ್ಟ್ ಫೇಲ್ಯೂರ್ ಮಾತ್ರೆಗಳು: ಮನೆಯಲ್ಲಿ ನಿಭಾಯಿಸುವುದು ಹೇಗೆ?

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಗುವುದಲ್ಲ, ರಕ್ತವನ್ನು ಬೇಕಾದಷ್ಟು ಪಂಪ್ ಮಾಡಲಾಗದೆ ಅದು ಸೋಲುವುದು. ಮಾತ್ರೆ ಶುರುವಾದ ಮೇಲೆ ಕಾಲಿನ ಊತ ಇಳಿಯಿತು, ಮೆಟ್ಟಿಲು ಹತ್ತಿದರೆ ಮೊದಲಿನಷ್ಟು ದಮ್ಮು ಬರುತ್ತಿಲ್ಲ. ‘ಈಗ ಚೆನ್ನಾಗಿದ್ದೀನಲ್ಲ, ಇಷ್ಟೊಂದು ಮಾತ್ರೆ ಯಾಕೆ?’ ಎಂದು ಒಂದೊಂದಾಗಿ ಬಿಡುವುದು ಶುರುವಾಗುವುದೇ ಆಗ. ಹಾಗೆ ಬಿಟ್ಟವರು ಮತ್ತೆ ಊದಿದ ಕಾಲಿನಲ್ಲೇ ಆಸ್ಪತ್ರೆಗೆ ಬರುತ್ತಾರೆ.

ಅದಕ್ಕೇ ಮೊದಲು ಡಾಕ್ಟರ್ ಚೀಟಿ ಮುಂದಿಟ್ಟುಕೊಂಡು ಯಾವ ಮಾತ್ರೆ ಯಾಕೆ ಎಂದು ಕೇಳಿ ಬರೆದುಕೊಳ್ಳಿ. ಫ್ಯುರೋಸೆಮೈಡ್, ಟೋರ್ಸೆಮೈಡ್ ಮೈಯಲ್ಲಿ ನಿಂತ ನೀರು ಇಳಿಸುತ್ತವೆ. ಪರಿಣಾಮ ಅವತ್ತೇ ಗೊತ್ತಾಗುತ್ತದೆ, ಹಾಗಾಗಿ ಇವನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ಹೃದಯದ ಪಂಪಿಂಗ್ ಕಡಿಮೆಯಾದವರ ಆಯಸ್ಸು ಕಾಯುವುದು ಉಳಿದ ಮಾತ್ರೆಗಳು. ರಾಮಿಪ್ರಿಲ್ ಅಥವಾ ಸಾಕುಬಿಟ್ರಿಲ್–ವಾಲ್ಸಾರ್ಟನ್, ಮೆಟೊಪ್ರೊಲಾಲ್ ಅಥವಾ ಬೈಸೊಪ್ರೊಲಾಲ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್. ‘ನನಗೆ ಬಿಪಿ ಇಲ್ಲ, ಶುಗರೂ ಇಲ್ಲ, ಇವೆಲ್ಲ ಯಾಕೆ ಕೊಟ್ರು?’ ಎಂದು ಮೆಡಿಕಲ್ ಸ್ಟೋರಿನಲ್ಲಿ ಜಗಳವಾಡುವವರಿದ್ದಾರೆ. ಶುಗರ್ ಇಲ್ಲದವರಿಗೂ ಡಾಪಾಗ್ಲಿಫ್ಲೋಜಿನ್ ಕೊಡುವುದು ಹೃದಯಕ್ಕಾಗಿಯೇ.

ಮೆಟೊಪ್ರೊಲಾಲ್ ಥರದ್ದು ದಣಿದ ಎತ್ತಿಗೆ ಬಾರುಕೋಲು ಬೀಸದೆ ನಿಧಾನಕ್ಕೆ ನಡೆಸಿದ ಹಾಗೆ. ಸಣ್ಣ ಡೋಸಿನಿಂದ ಶುರು ಮಾಡಿ, ಸಾಮಾನ್ಯವಾಗಿ 2 ವಾರಕ್ಕೊಮ್ಮೆ ಏರಿಸುತ್ತಾರೆ. ಮೊದಮೊದಲು ಸುಸ್ತು ಅನ್ನಿಸಬಹುದು. ಹೇಳದೆ ಕೇಳದೆ ಥಟ್ಟನೆ ನಿಲ್ಲಿಸಬೇಡಿ.

ದಿನಾ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲೇ ಬರೆಯಿರಿ. 3 ದಿನದಲ್ಲಿ 2 ಕೆ.ಜಿ. ಏರಿದರೆ ಅದು ಊಟದ ತೂಕ ಅಲ್ಲ, ನೀರು. ಊತ ಕಾಣುವವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಆಮೇಲೆ ನಾಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 1 ನಿಮಿಷ ಎಣಿಸಿ. 50ಕ್ಕಿಂತ ಕಡಿಮೆ ಇದ್ದರೆ ಮುಂದಿನ ಮಾತ್ರೆಗೆ ಮುಂಚೆ ಡಾಕ್ಟರನ್ನು ಕೇಳಿ. ಬಡಿತ ಒಂದು ಬೇಗ, ಒಂದು ತಡವಾಗಿ ಬರುತ್ತಿದ್ದರೆ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳ ಲಯ ತಪ್ಪುವುದು) ಇರಬಹುದು, ಇಸಿಜಿ ಮಾಡಿಸಬೇಕು. ಇದರಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಭಯ ಇರುವುದರಿಂದ ರಕ್ತ ತೆಳು ಮಾಡುವ ಮಾತ್ರೆ ಕೊಡುತ್ತಾರೆ. ವಾರ್ಫರಿನ್ ಅಥವಾ ಅಸಿಟ್ರೋಮ್ ಆದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕ) ಪರೀಕ್ಷೆ ತಪ್ಪಿಸುವಂತಿಲ್ಲ, ಅದು ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಸೊಪ್ಪಿನ ಸಾರು ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಮ್ಮಿ ಅಷ್ಟೇ ತಿಂದರಾಯಿತು.

ಹೃದಯಬಡಿತದ ವೇಗ ತಗ್ಗಿಸುವ ಡಿಗಾಕ್ಸಿನ್ ಮಾತ್ರೆ ಇದ್ದವರದ್ದು ಇನ್ನೊಂದು ಫಜೀತಿ. ವಾರಕ್ಕೆ 5 ದಿನ ಅಂತ ಬರೆದಿರುತ್ತಾರೆ, ಮನೆಯವರು 7 ದಿನವೂ ಕೊಡುತ್ತಾರೆ. ಬಿಡುವ ದಿನಗಳನ್ನು ಡಬ್ಬಿಯ ಮೇಲೇ ಬರೆದಿಡಿ. ಊಟ ಸೇರದೆ ವಾಕರಿಕೆ ಬಂದರೆ, ಕಣ್ಣಿಗೆ ಎಲ್ಲಾ ಹಳದಿ ಹಳದಿ ಕಂಡರೆ ಮೈಯಲ್ಲಿ ಡಿಗಾಕ್ಸಿನ್ ಜಾಸ್ತಿಯಾಗಿರಬಹುದು. ಅವತ್ತೇ ತೋರಿಸಿ.

ಇನ್ನು ನಮ್ಮ ತುಮಕೂರು ಜಿಲ್ಲೆಗೆ ಅಂತಲೇ ಹೇಳಬೇಕಾದ ಮಾತು: ಎಳನೀರು. ತಿಪಟೂರು, ಗುಬ್ಬಿ, ತುರುವೇಕೆರೆ ಕಡೆ ಕಾಯಿಲೆಯವರನ್ನು ನೋಡಲು ಬಂದವರ ಕೈಯಲ್ಲಿ ಎಳನೀರು ಇಲ್ಲದಿದ್ದರೆ ಹೇಗೆ, ಅಲ್ವಾ? ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ಎರಡೂ ಅದನ್ನು ಮೈಯಲ್ಲೇ ಉಳಿಸಿಕೊಳ್ಳುತ್ತವೆ. ಕಿಡ್ನಿ ಸ್ವಲ್ಪ ಸೋತಿದ್ದರಂತೂ ಪೊಟ್ಯಾಸಿಯಂ ಸದ್ದಿಲ್ಲದೆ ಏರಿ ಹೃದಯದ ಲಯವನ್ನೇ ಕೆಡಿಸಬಲ್ಲದು. ಅಂಗಡಿಯ ‘ಲೋ ಸೋಡಿಯಂ’ ಉಪ್ಪಿನಲ್ಲೂ ಇರುವುದು ಅದೇ. ಈ ಮಾತ್ರೆ ಶುರುವಾದ 1–2 ವಾರದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ) ರಕ್ತಪರೀಕ್ಷೆ ಮಾಡಿಸಿ. ಎಳನೀರು ಕುಡಿಯಬಹುದಾ, ಎಷ್ಟು ಎನ್ನುವುದನ್ನು ಆ ರಿಪೋರ್ಟ್ ನೋಡಿ ಡಾಕ್ಟರೇ ಹೇಳಲಿ. ವಾಂತಿ ಭೇದಿ ಹಿಡಿದರೆ ಆ ದಿನವೇ ಕೇಳಿ, ಕೆಲವು ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು.

ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಸುಮ್ನೆ ತಂದು ನುಂಗಬೇಡಿ. ಅವು ನೀರನ್ನು ಮೈಯಲ್ಲೇ ನಿಲ್ಲಿಸುತ್ತವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದ್ದೂ ಅದೇ ಕಥೆ.

ಪ್ರಯಾಣದ ದಿನ ಬಸ್ಸಿನಲ್ಲಿ ಮೂತ್ರಕ್ಕೆ ಅವಸರವಾಗುತ್ತದೆ ಎಂದು ನೀರಿಳಿಸುವ ಮಾತ್ರೆಯನ್ನೇ ಬಿಡುವವರು ಜಾಸ್ತಿ, ಅದರಲ್ಲೂ ಹೆಂಗಸರು. ನಮ್ಮ ಬಸ್ ನಿಲ್ದಾಣಗಳ ಶೌಚಾಲಯ ನೋಡಿದರೆ ಅವರನ್ನು ಬೈಯುವ ಹಾಗೂ ಇಲ್ಲ. ಬಿಡುವ ಬದಲು ಮನೆಗೆ ಬಂದ ಮೇಲೆ, ಸಂಜೆಗೆ ಮುಂಚೆ ತಗೊಳ್ಳಬಹುದಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮಲಗಿದರೆ ಉಸಿರು ಕಟ್ಟುವುದು, ಕಣ್ಣು ಕತ್ತಲೆ ಬಂದು ಬೀಳುವುದು, ಎದೆನೋವು ಕಾಣಿಸಿಕೊಂಡರೆ ಮಾತ್ರ ಬಸ್ಸಿನ ಯೋಚನೆ ಬೇಡ. 108ಕ್ಕೆ ಕರೆ ಮಾಡಿ, ಚೀಟಿಯನ್ನೂ ಮಾತ್ರೆ ಡಬ್ಬಿಯನ್ನೂ ಜೊತೆಗೆ ಹಾಕಿಕೊಳ್ಳಿ.